ಒಪ್ಪಿಸುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ಎರಡು ಕಾರ್ಯಗಳಲ್ಲಿ ಒದಗುವ ಕಷ್ಟನಷ್ಟಗಳನ್ನು ಅನುಭವಿಸಿದವನೇ ಬಲ್ಲನೆಂಬುದು ಅದರ ತಾತ್ಪರ್ಯ. ಆದರೆ ಗಾದೆಯೊಳಗಿನ ‘ನೋಡು’ ಎಂಬ ಮಾತನ್ನು ಅದರ ಸರಳವಾದ ಅರ್ಥದಲ್ಲಿಯೇ ಹಿಡಿದುಕೊಂಡರೂ ಅದು ನಿರರ್ಥಕವಾಗುವುದಿಲ್ಲ. ಕಟ್ಟುವುದು ಒಂದು ಕೆಲಸ. ಕಟ್ಟಿದುದನ್ನು ನೋಡುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕೂಲಿಯುಂಟು, ಹೊಗಳಿಕೆಯುಂಟು, ಮುಹೂರ್ತವುಂಟು. ಎರಡನೆಯದಕ್ಕೆ ಇವು ಯಾವುವೂ ಇಲ್ಲ. ಗುದ್ದಲಿಪೂಜೆಗೆ ಹತ್ತು ಮಂದಿ ಸೇರುವರು, ಗೃಹಪ್ರವೇಶಕ್ಕೆ ನೂರು ಮಂದಿ ಸೇರುವರು. ಬಡಗಿಯು ತನ್ನ ಕೆಲಸವನ್ನು ಮುಗಿಸಿ, ಉಳಿ ಹತ್ತರಿಗಳನ್ನು ಚೀಲಕ್ಕೆ ಸೇರಿಸುವ ಮೊದಲು, ತಾನು ಮಾಡಿದ ಬಾಗಿಲನ್ನು ತಾನೇ ಒಂದು ಗಳಿಗೆ ನಿಂತು ನೋಡುವಾಗ ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ಆ ಒಂದು ಗಳಿಗೆಯಲ್ಲಿ ಅಡಗಿರುವ ಧರ್ಮಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು.

ಕೆಲಸವೊಂದು ಮುಗಿಯಿತೆಂದು ಹೇಳತಕ್ಕುದು ಯಾವಾಗ? ಪಡೆಯುವವನ ಕಣ್ಣಿಗೆ ಬೀಳದ ಕೊರತೆಗೆ ಮಾಡಿದವನು ಹೊಣೆಯೆ? ಹೊಣೆಯಾದರೆ ಅದರ ಎಲ್ಲೆ ಯಾವುದು? ಇದೇ ಆ ಪ್ರಶ್ನೆ.

ಉತ್ತರದ ಒಂದು ಎಳೆ ಕನ್ನಡ ನುಡಿಯಲ್ಲಿಯೇ ದೊರೆಯುತ್ತದೆ. ಮುಗಿದ ಕೆಲಸವನ್ನು ಯಜಮಾನನ ವಶಕ್ಕೆ ಕೊಡುವುದನ್ನು ‘ಒಪ್ಪಿಸುವುದು’ ಎನ್ನುತ್ತಾರೆ. ಮರಕ್ಕಾಗಲಿ ಲೋಹಕ್ಕಾಗಲಿ ರತ್ನಕ್ಕಾಗಲಿ ಕೊಡುವ ನಯವನ್ನೂ ಹೊಳಪನ್ನೂ ‘ಒಪ್ಪ’ ಎನ್ನುತ್ತಾರೆ. ಮನಸ್ಸು ಸಮ್ಮತಿಸಿದರೆ ಅದು ‘ಒಪ್ಪುವುದು’. ಮೂರೂ ಒಂದೇ ಬೇರಿನ ಮಾತುಗಳು. ಒಪ್ಪವಿಟ್ಟ ಕೆಲಸವನ್ನು ಮೊದಲು ತನ್ನ ಮನಸ್ಸು ಒಪ್ಪಬೇಕು, ಅನಂತರ ಅದನ್ನು ಪರರಿಗೆ ಒಪ್ಪಿಸಬೇಕು ಎಂಬ ಕ್ರಮವು ಈ ಮೂರು ಮಾತುಗಳಲ್ಲಿ ಸೂಚಿತವಾಗಿದೆ. ನಿತ್ಯವ್ಯವಹಾರದಲ್ಲಿ ಬಿಟ್ಟುಹೋಗುವುದು ಇವುಗಳಲ್ಲಿ ನಡುವಣದು. ಒಪ್ಪವನ್ನು ಕೊಟ್ಟು, ಮನಸ್ಸನ್ನು ಕೇಳದೆ, ನೇರವಾಗಿ ಒಪ್ಪಿಸಿಬಿಡುವವರೇ ಲೋಕದಲ್ಲಿ ಹೆಚ್ಚು.

ಬಾಗಿಲೊಂದನ್ನು ನೋಡುವುದೆಂದರೇನು? ಬಲ್ಲ ಬಡಗಿಯು ಅದನ್ನು ದೂರದಲ್ಲಿ ನಿಂತು ತಲೆದೂಗಿ ನೋಡುವುದಿಲ್ಲ. ಮೊದಲು ಕದವನ್ನು ಅರ್ಧ ತೆರೆದು ಕೈಬಿಡುತ್ತಾನೆ. ಬಿಟ್ಟಲ್ಲಿಯೇ ಅದು ನಿಲ್ಲಬೇಕು. ತಾನಾಗಿ ತೆರೆದುಕೊಂಡರೆ ಇಲ್ಲವೆ ಮುಚ್ಚಿಕೊಂಡರೆ ಬಾಗಿಲುವಾಡವು ತೂಗುಗುಂಡಿಗೆ ಸರಿಯಾಗಿಲ್ಲ, ಅಥವಾ ಕೀಲುಗಳು ಒಂದೇ ನೇರದಲ್ಲಿಲ್ಲ. ಬಳಿಕ ಕದಕ್ಕೂ ಚೌಕಟ್ಟಿಗೂ ನಡುವಣ ಸಂದು ಸುತ್ತಲೂ ಒಂದೇ ಸಮನಾಗಿದೆಯೆ ಎಂದು ಪರೀಕ್ಷಿಸುತ್ತಾನೆ. ಮೂಲೆಯಿಂದ ಮೂಲೆಗೆ ದಾರವನ್ನು ಹಿಡಿದು ಎರಡು ಕರ್ಣಗಳೂ ಸಮವೆಂದು ಗೊತ್ತುಮಾಡಿಕೊಳ್ಳುತ್ತಾನೆ. ಚಿಲಕವು ಕದವನ್ನು ಎತ್ತಿಹಿಡಿಯದೆಯೇ ತನ್ನ ತೂತಿಗೆ ಇಳಿಯಬೇಕು. ಹಲಗೆಯು ಚೌಕಟ್ಟಿನ ತೋಡಿನೊಳಗೆ ಸ್ವಲ್ಪ ಸಡಿಲವಾಗಿರಬೇಕು. ಅದನ್ನು ಸರೇಸಿನಿಂದಲೋ ಮೊಳೆಯಿಂದಲೋ ಬಿಗಿದಿದ್ದರೆ ಬೇಸಗೆಯಲ್ಲಿ ಅದು ಕುಗ್ಗಲಾರದೆ ಸೀಳುವುದು. ಮಧ್ಯಾಹ್ನದ ಬೆಳಕಿನಲ್ಲಿ ನುಣುಪಾಗಿ ಕಂಡ ಮೈಯನ್ನು ಸಂಜೆಯಲ್ಲಿ ದೀಪವನ್ನು ಪಕ್ಕದಿಂದ ಹಿಡಿದು ನೋಡಿದರೆ ಹತ್ತರಿಯು ಬಿಟ್ಟ ಏರುತಗ್ಗುಗಳೆಲ್ಲ ನೆರಳುಗಟ್ಟಿ ಎದ್ದು ಕಾಣುವುವು. ಕಣ್ಣು ತಪ್ಪಿದುದನ್ನು ಕೈ ಹಿಡಿಯುವುದು. ಆದುದರಿಂದ ಕಣ್ಣು ಮುಚ್ಚಿ ಅಂಗೈಯನ್ನು ಮರದ ಮೇಲೆ ಆಡಿಸಿ ನೋಡುವುದೂ ಉಂಟು. ಕೊನೆಗೆ ಕದದ ಮೇಲಣ ಅಂಚು ಮತ್ತು ಕೆಳಗಣ ಅಂಚು. ಮನೆಯವರು ಯಾರೂ ಏಣಿ ಹಾಕಿ ಮೇಲಂಚನ್ನು ನೋಡುವುದಿಲ್ಲ, ನೆಲದಲ್ಲಿ ಮಲಗಿ ಕೆಳಗಣ ಅಂಚನ್ನು ನೋಡುವುದಿಲ್ಲ. ಆದರೆ ಅಲ್ಲಿ ಎಣ್ಣೆಯನ್ನೋ ಬಣ್ಣವನ್ನೋ ಬಳಿಯದೆ ಬಿಟ್ಟರೆ ಮಳೆಗಾಲದ ತೇವವನ್ನು ಮರವು ಆ ದಾರಿಯಿಂದಲೇ ಕುಡಿದು ಉಬ್ಬುವುದು.

ಮರವು ಕಡಿದ ಮೇಲೆಯೂ ಪೂರ್ತಿಯಾಗಿ ಸಾಯುವುದಿಲ್ಲವೆಂದು ಬಡಗಿಗಳು ಹೇಳುವುದಕ್ಕೆ ಅರ್ಥವುಂಟು. ಹಸಿಯ ತೇಗವು ನಿಶ್ಶೇಷವಾಗಿ ಒಣಗುವಷ್ಟರಲ್ಲಿ ಅದರ ವರ್ಷವಲಯಗಳ ಗುಂಟ ನೂರಕ್ಕೆ ಸುಮಾರು ೬ ಪಾಲು, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ೨½ ಪಾಲು ಕುಗ್ಗುವುದು. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ತೇಗವು ಕಡಮೆ ಕುಗ್ಗುವ ಮರವೆಂದು ಹೆಸರಾದುದು. ಇತರ ಅನೇಕ ಮರಗಳು ಇದಕ್ಕಿಂತ ಹೆಚ್ಚಾಗಿ ಕುಗ್ಗುವುವು. ಚೆನ್ನಾಗಿ ಒಣಗಿಸಿದ ಮರವೂ ಆಷಾಢದಲ್ಲಿ ಉಬ್ಬಿ ಚೈತ್ರದಲ್ಲಿ ಕುಗ್ಗುತ್ತಿರುವುದು. ಹೀಗೆ ಬಾಗಿಲನ್ನು ಒಪ್ಪಿಸುವ ದಿನ ಅದು ಹೇಗಿದೆಯೆಂಬುದು ಅರ್ಧ ಸತ್ಯ. ಒಂದು ವರ್ಷದ ಋತುಗಳೆಲ್ಲ ಅದರ ಮೇಲೆ ಹಾದುಹೋದ ಬಳಿಕ ಹೇಗಿರುವುದೆಂಬುದು ಇನ್ನರ್ಧ. ಮೊದಲರ್ಧವನ್ನು ಯಜಮಾನನೂ ನೋಡಬಲ್ಲನು. ಎರಡನೆಯ ಅರ್ಧವನ್ನು ಆ ದಿನ ನೋಡಬಲ್ಲವನು ಮಾಡಿದವನೊಬ್ಬನೇ.

ಆದರೆ ಮಾಡಿದವನ ಕಣ್ಣಿಗೂ ಒಂದು ಕುರುಡುತನವುಂಟು. ಅವನು ಎದುರಿಗಿರುವುದನ್ನು ನೋಡುವುದಿಲ್ಲ. ತಾನು ಉದ್ದೇಶಿಸಿದ್ದನ್ನು ನೋಡುತ್ತಾನೆ. ತಾನೇ ಬರೆದ ಕಾಗದದಲ್ಲಿ ಬಿಟ್ಟುಹೋದ ಅಕ್ಷರವನ್ನು ಬರೆದವನ ಮನಸ್ಸು ತುಂಬಿಕೊಂಡು ಓದುವಂತೆ, ತಾನು ಮಾಡಿದ ಕದದ ಕೊರತೆಯನ್ನು ಬಡಗಿಯ ಮನಸ್ಸು ತುಂಬಿಕೊಂಡು ನೋಡುವುದು. ಇದಕ್ಕೆ ಪ್ರತೀಕಾರವೇನೆಂದರೆ, ತನ್ನ ಕಣ್ಣನ್ನು ಬಿಟ್ಟು ಪರರ ಕಣ್ಣನ್ನು ಎರವಲು ಪಡೆಯುವುದು. ಗ್ರೀಸಿನ ತತ್ತ್ವಜ್ಞರು ಈ ವಿಷಯವನ್ನು ಬಹು ಹಿಂದೆಯೇ ಆಲೋಚಿಸಿದ್ದರು. ವಸ್ತುವಿನ ಗುಣದೋಷಗಳ ನಿಜವಾದ ಜ್ಞಾನವು ಅದನ್ನು ಬಳಸುವವನಿಗೆ ಸೇರಿದುದು, ಮಾಡುವವನು ಅವನಿಂದ ಕೇಳಿ ತಿಳಿಯತಕ್ಕವನು ಎಂದು ಪ್ಲೇಟೋ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಕೊಳಲಿನ ದೃಷ್ಟಾಂತವನ್ನಿಟ್ಟು ವಾದಿಸಿದ್ದಾನೆ. ಅವನ ಶಿಷ್ಯನಾದ ಅರಿಸ್ಟಾಟಲನು ‘ಪಾಲಿಟಿಕ್ಸ್’ ಗ್ರಂಥದ ಮೂರನೆಯ ಭಾಗದಲ್ಲಿ, ಮನೆಯ ವಿಚಾರದಲ್ಲಿ ಕಟ್ಟಿದವನಿಗಿಂತ ವಾಸಮಾಡುವವನೂ, ಹಡಗಿನ ಚುಕ್ಕಾಣಿಯ ವಿಚಾರದಲ್ಲಿ ಬಡಗಿಗಿಂತ ನಾವಿಕನೂ, ಔತಣದ ವಿಚಾರದಲ್ಲಿ ಅಡಿಗೆಯವನಿಗಿಂತ ಅತಿಥಿಯೂ ಮೇಲಾದ ಪರೀಕ್ಷಕರೆಂದು ಹೇಳಿದ್ದಾನೆ.

ಇದರಲ್ಲಿ ಸತ್ಯವುಂಟು. ಸೊಂಟದ ಮೇಲೆ ಕೊಡವನ್ನಿಟ್ಟುಕೊಂಡು ಕಾಲಿನಿಂದ ಕದವನ್ನು ನೂಕುವ ಗೃಹಿಣಿ, ನಡುರಾತ್ರಿಯಲ್ಲಿ ಒಂದು ಕೈಯಲ್ಲಿ ದೀಪವನ್ನು ಹಿಡಿದು ಇನ್ನೊಂದು ಕೈಯಿಂದ ಚಿಲಕವನ್ನು ತಡವುವ ಮುದುಕಿ, ಕೀಲಿನ ಸಂದಿನಲ್ಲಿ ಬೆರಳಿಡುವ ಮಗು, ಇವರೇ ಬಾಗಿಲಿನ ನಿಜವಾದ ಪರೀಕ್ಷಕರು. ಬಲ್ಲ ಬಡಗಿಯು ಒಪ್ಪಿಸುವ ಮುನ್ನ ಸ್ವಲ್ಪ ಹೊತ್ತು ಆ ಗೃಹಿಣಿಯಾಗಿ, ಆ ಮುದುಕಿಯಾಗಿ, ಆ ಮಗುವಾಗಿ ತನ್ನ ಬಾಗಿಲನ್ನು ಮುಟ್ಟಿ ನೋಡಬೇಕು. ಆದರೆ ಗ್ರೀಕರ ಮಾತಿಗೆ ಒಂದು ಎಲ್ಲೆಯೂ ಉಂಟು. ಬಳಸುವವನು ಬಳಕೆಯಿಂದ ತಿಳಿಯುವನು. ಬಳಕೆಯು ತಡವಾಗಿ ತಿಳಿಸುವುದು. ಎರಡು ಮರಗಳು ಕೂಡುವ ಸಂದಿಯ ಒಳಗೆ ಏನಿದೆಯೆಂಬುದು ಬಳಸುವವನಿಗೆ ಕೆಟ್ಟ ಮೇಲೆಯೇ ಗೊತ್ತಾಗುವುದು. ಅದಕ್ಕೆ ಮೊದಲು ಅಲ್ಲಿಗೆ ಸಾಕ್ಷಿ ಒಬ್ಬನೇ. ಧರ್ಮದ ಪ್ರಶ್ನೆ ಹುಟ್ಟುವುದು ಆ ಒಂಟಿ ಸಾಕ್ಷಿಯ ಎದೆಯಲ್ಲಿ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಗೃಹಪ್ರವೇಶದ ಹಿಂದಿನ ದಿನದ ಸಂಜೆ. ಬಾಗಿಲುಗಳನ್ನು ಗುತ್ತಿಗೆಗೆ ಹಿಡಿದ ಬಡಗಿಯು ತಲೆಬಾಗಿಲಿನ ಕದವನ್ನು ಕೊನೆಯ ಸಲ ನೋಡುತ್ತಿರುವನು. ಕೆಳಗಣ ಅಡ್ಡಪಟ್ಟಿಯು ಕೀಲಿನ ಕಡೆಯ ನಿಲುಪಟ್ಟಿಗೆ ಸೇರುವಲ್ಲಿ ಬೆರಳ ಗೆಣ್ಣಿನಿಂದ ತಟ್ಟಿದಾಗ ಸದ್ದು ಟೊಳ್ಳಾಗಿ ಕೇಳುವುದು. ಆ ಕೂಡಿಕೆಯನ್ನು ಕೊಯ್ದವನು ಅವನ ಮಗ. ಗರಗಸವು ಗೆರೆ ತಪ್ಪಿ ಮರದ ನಾಲಗೆಯು ಗೋದಿಯ ಕಾಳಿನ ದಪ್ಪದಷ್ಟು ತೆಳುವಾಗಿಹೋಗಿತ್ತು. ಹುಡುಗನು ಗರಗಸದ ಹೊಟ್ಟನ್ನು ಸರೇಸಿನಲ್ಲಿ ಕಲಸಿ ಸಂದನ್ನು ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಮೆರುಗನ್ನು ಬಳಿದುಬಿಟ್ಟಿದ್ದನು. ‘ಅಪ್ಪಾ, ಅದು ಯಾರಿಗೂ ಕಾಣುವುದಿಲ್ಲ’ ಎಂದು ಈಗ ಮೆಲ್ಲಗೆ ಹೇಳುವನು. ಮಾತು ನಿಜವೇ, ನಾಳೆ ಕಾಣುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತು ಮರವು ಕುಗ್ಗಿದಾಗ ತುಂಬಿದ ಹೊಟ್ಟು ಸಡಿಲವಾಗುವುದು, ಕದದ ಭಾರಕ್ಕೆ ಕೂಡಿಕೆ ಜಗ್ಗುವುದು, ಚಿಲಕದ ಕಡೆಯ ಮೂಲೆ ಇಳಿದು ಹೊಸ್ತಿಲಿಗೆ ಉಜ್ಜುವುದು. ಅಷ್ಟು ಹೊತ್ತಿಗೆ ಹಣವು ಸಂದಾಯವಾಗಿರುವುದು. ಮನೆಯವರು ‘ಮರ ಜಗ್ಗಿತು’ ಎನ್ನುವರು. ಬಡಗಿ ಜಗ್ಗಿಸಿದನೆಂದು ಅನ್ನುವುದಿಲ್ಲ.

ಈ ಗಳಿಗೆಯಲ್ಲಿ ಒಂದು ಸೂಕ್ಷ್ಮವಾದ ಬದಲಾವಣೆ ನಡೆದಿದೆ. ಬೆರಳಿನಿಂದ ತಟ್ಟುವ ಮೊದಲು ಅಲ್ಲಿ ಇದ್ದುದು ತಪ್ಪು. ತಪ್ಪು ಮನುಷ್ಯಮಾತ್ರನಿಗೆ ಸಹಜವಾದುದು, ಗರಗಸವು ಎಂಥವನ ಕೈಯಲ್ಲಿಯೂ ಒಮ್ಮೆ ಗೆರೆ ಮೀರುವುದು. ತಟ್ಟಿ ಕೇಳಿದ ಮೇಲೆ ಸುಮ್ಮನೆ ಒಪ್ಪಿಸಿದರೆ ಅದೇ ಸಂದು ವಂಚನೆಯಾಗುವುದು. ಮರದಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಾಗಿಲ್ಲ. ದೋಷವು ಮಾತ್ರ ಮರದಿಂದ ಮನುಷ್ಯನಿಗೆ ದಾಟಿತು. ನೋಡುವುದರಿಂದ ಋಣ ಹುಟ್ಟುತ್ತದೆ. ನೋಡಿದವನು ತಿದ್ದಬೇಕು, ಇಲ್ಲವೆ ಹೇಳಬೇಕು; ಎರಡನ್ನೂ ಮಾಡದಿದ್ದರೆ ಸುಳ್ಳನ್ನು ಮಾರಿದಂತಾಗುವುದು.

ಇದರಿಂದಲೇ ಮನುಷ್ಯನ ಮನಸ್ಸು ಒಂದು ಉಪಾಯವನ್ನು ಕಂಡುಕೊಂಡಿದೆ. ಅದೇನೆಂದರೆ, ನೋಡದಿರುವುದು. ತಟ್ಟಿದರೆ ತಾನೆ ಸದ್ದು ಕೇಳುವುದು? ದೀಪವನ್ನು ಪಕ್ಕದಿಂದ ಹಿಡಿದರೆ ತಾನೆ ತಗ್ಗುಗಳು ಕಾಣುವುವು? ‘ತಿಳಿದಿದ್ದರೆ ಖಂಡಿತ ಸರಿಮಾಡುತ್ತಿದ್ದೆ’ ಎಂದು ಮುಂದೆ ಪ್ರಾಮಾಣಿಕವಾಗಿ ಹೇಳಬಹುದಾದಂತೆ ಇಂದು ತಿಳಿಯದೆ ಇರುವ ಏರ್ಪಾಡಿದು. ಲೋಕದಲ್ಲಿ ತಿಳಿದು ಮೋಸಮಾಡುವವರ ಸಂಖ್ಯೆ ಸ್ವಲ್ಪ. ತಿಳಿಯದಂತೆ ಎಚ್ಚರವಹಿಸುವವರ ಸಂಖ್ಯೆ ಬಹಳ. ಲೆಕ್ಕದ ಪುಸ್ತಕವನ್ನು ತಿರುವಿ ನೋಡದೆ ರುಜು ಹಾಕುವ ಅಧಿಕಾರಿ, ಮಗನ ಹೊಸ ಹಣದ ಮೂಲವನ್ನು ವಿಚಾರಿಸದ ತಂದೆ, ಹುಡುಗರಿಗೆ ಅರ್ಥವಾಯಿತೆ ಎಂದು ಕೇಳದೆ ಪಾಠವನ್ನು ಮುಗಿಸುವ ಉಪಾಧ್ಯಾಯ, ಇವರೆಲ್ಲರೂ ಆ ಪಂಗಡಕ್ಕೆ ಸೇರಿದವರೇ.

ನೋಡದಿರುವುದರಲ್ಲಿಯೂ ತಾರತಮ್ಯವುಂಟೆಂಬುದು ನಿಜ. ಸಂಶಯಕ್ಕೆ ಎಡೆಯೇ ಇಲ್ಲದೆ ನೋಡದವನು ಬೇರೆ. ಅವಸರದಲ್ಲಿ ಮರೆತವನು ಬೇರೆ. ಏನು ಕಾಣುವುದೋ ಎಂಬ ಅಂಜಿಕೆಯಿಂದ ಮುಖವನ್ನು ತಿರುಗಿಸಿದವನು ಬೇರೆ. ಮೊದಲನೆಯವನದು ಅಜ್ಞಾನ, ಎರಡನೆಯವನದು ಪ್ರಮಾದ. ಮೂರನೆಯವನು ಅಜ್ಞಾನಿಯೂ ಅಲ್ಲ, ಪ್ರಮತ್ತನೂ ಅಲ್ಲ. ಅಂಜಿಕೆಯು ಹುಟ್ಟಬೇಕಾದರೆ ಒಳಗೆ ಅರ್ಧ ತಿಳಿವಳಿಕೆ ಆಗಲೇ ಇರಬೇಕು. ತಟ್ಟಲು ಅಂಜಿದ ಬೆರಳು ಟೊಳ್ಳುಸದ್ದನ್ನು ಆಗಲೇ ಕೇಳಿದೆ. ಆದುದರಿಂದ ನೋಡುವುದು ಕೆಲಸಕ್ಕೆ ಹೊರಗಿನ ಒಂದು ಹೆಚ್ಚಿನ ಉಪಕಾರವಲ್ಲ. ಕೆಲಸದ ಒಂದು ಅಂಗವೇ ಅದು. ನೋಡದೆ ಒಪ್ಪಿಸಿದ ಕೆಲಸವು ಅರ್ಧಕ್ಕೆ ಬಿಟ್ಟ ಕೆಲಸ.

ನೋಡಿದ ಮೇಲೆ ತಿದ್ದುವುದು. ಇಲ್ಲಿಯೂ ಒಂದು ತೊಡಕುಂಟು. ತಿದ್ದುವುದೂ ಮುಚ್ಚುವುದೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವುವು. ಬಡಗಿಯ ಕೆಲಸದಲ್ಲಿ ತುಂಬುವುದೆಲ್ಲ ಮೋಸವಲ್ಲ. ಮೊಳೆಯ ತಲೆಯನ್ನು ಒಳಕ್ಕಿಳಿಸಿ, ಅಗಸೆಯೆಣ್ಣೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಕಲಸಿದ ಪುಟ್ಟಿಯಿಂದ ಆ ತಗ್ಗನ್ನು ತುಂಬುವುದು ಸರಿಯಾದ ಕ್ರಮವೇ. ಅದರಿಂದ ಮೊಳೆಗೆ ತುಕ್ಕು ಹಿಡಿಯುವುದು ತಪ್ಪುವುದು, ಬಣ್ಣವು ಸಮನಾಗಿ ಕೂಡುವುದು. ಒಣಗಿ ಅಲುಗುವ ಗಂಟನ್ನು ಕಿತ್ತು, ಅದೇ ಜಾತಿಯ ಮರದ ತುಂಡನ್ನು ಎಳೆಗೆ ಎಳೆ ಹೊಂದುವಂತೆ ಕೂರಿಸುವುದು ಉತ್ತಮವಾದ ತಿದ್ದುಗೆ. ಆದರೆ ಭಾರವನ್ನು ಹೊರಬೇಕಾದ ಕೂಡಿಕೆಯಲ್ಲಿ ಮರವಿರಬೇಕಾದೆಡೆ ಹೊಟ್ಟನ್ನು ತುಂಬುವುದು ಮುಚ್ಚುಮರೆ. ಎರಡನ್ನೂ ಬೇರೆಮಾಡುವ ಒರೆಗಲ್ಲು ಯಾವುದು? ತುಂಬಿದ ವಸ್ತುವು ಅಲ್ಲಿ ಮರವು ಮಾಡಬೇಕಾದ ಕೆಲಸವನ್ನು ಮಾಡಬಲ್ಲುದೆ ಎಂದು ಕೇಳಬೇಕು. ಮಾಡಿದರೆ ಅದು ತಿದ್ದುಗೆ. ಕಣ್ಣನ್ನು ಸಮಾಧಾನಪಡಿಸುವುದೊಂದೇ ಅದರ ಕೆಲಸವಾದರೆ ಅದು ಮರೆ. ಇನ್ನೊಂದು ಒರೆಗಲ್ಲೂ ಉಂಟು: ಮಾಡಿದುದನ್ನು ಯಜಮಾನನಿಗೆ ಬಾಯಿಬಿಟ್ಟು ಹೇಳಬಹುದೆ? ‘ಇಲ್ಲಿ ಗಂಟಿತ್ತು, ಕಿತ್ತು ಬೇರೆ ಮರ ಕೂರಿಸಿದ್ದೇನೆ’ ಎಂದು ಬಡಗಿಯು ಹೆಮ್ಮೆಯಿಂದಲೇ ಹೇಳುವನು. ‘ಇಲ್ಲಿ ಕೂಡಿಕೆ ಸಡಿಲವಿತ್ತು, ಹೊಟ್ಟು ತುಂಬಿದ್ದೇನೆ’ ಎಂದು ಯಾವ ಬಡಗಿಯೂ ಹೇಳಲಾರನು. ಇಂಗ್ಲೆಂಡಿನ ಜಾನ್ ರಸ್ಕಿನ್ನನು ೧೮೪೯ರಲ್ಲಿ ಪ್ರಕಟಿಸಿದ ವಾಸ್ತುಕಲೆಯ ಗ್ರಂಥದಲ್ಲಿ, ಮರಕ್ಕೆ ಅಮೃತಶಿಲೆಯ ಬಣ್ಣವನ್ನು ಬಳಿಯುವುದನ್ನು ಸಹ ಅಸತ್ಯವೆಂದು ಖಂಡಿಸಿದನು. ಅವನ ನಿಷ್ಠುರತೆ ಕೆಲವೆಡೆ ಅತಿಯೆನ್ನಿಸಿದರೂ, ವಸ್ತುಗಳೂ ಸುಳ್ಳಾಡಬಲ್ಲುವು, ಅವುಗಳಿಂದ ಆಡಿಸುವವನು ಮನುಷ್ಯನು ಎಂಬ ಅವನ ಮೂಲಾಭಿಪ್ರಾಯವು ಅಲ್ಲಗಳೆಯತಕ್ಕುದಲ್ಲ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗುವುದು. ಹೀಗೆ ನೋಡುತ್ತ ಹೋದರೆ ಕೊನೆಯೆಲ್ಲಿ ಎಂಬುದು ಮೊದಲನೆಯದು. ಹೊಗೆಯು ಬೆಂಕಿಯನ್ನು ಸುತ್ತಿರುವಂತೆ ದೋಷವು ಎಲ್ಲ ಕರ್ಮಗಳನ್ನೂ ಸುತ್ತಿರುವುದೆಂದು ಗೀತೆಯ ಕೊನೆಯ ಅಧ್ಯಾಯವೇ ಒಪ್ಪಿಕೊಂಡಿದೆ. ದೀಪವನ್ನು ಹಿಡಿದು ಹುಡುಕುವವನಿಗೆ ಪ್ರತಿದಿನವೂ ಒಂದು ಹೊಸ ಗೀರು ಸಿಕ್ಕುವುದು. ಅಂಥವನು ಯಾವ ಕದವನ್ನೂ ಒಪ್ಪಿಸಲಾರನು. ರಸ್ಕಿನ್ನನೇ ೧೮೫೩ರಲ್ಲಿ, ವೆನಿಸ್ಸಿನ ಶಿಲ್ಪವನ್ನು ಕುರಿತ ಗ್ರಂಥದ ಎರಡನೆಯ ಸಂಪುಟದಲ್ಲಿ, ಎಲ್ಲದರಲ್ಲಿಯೂ ಪರಿಪೂರ್ಣತೆಯನ್ನು ಕೇಳುವುದು ಕಲೆಯ ಗುರಿಯನ್ನು ಅರಿಯದವರ ಹಠವೆಂದೂ, ಅದು ಕೆಲಸಗಾರನನ್ನು ಯಂತ್ರವಾಗಿಸುವುದೆಂದೂ ವಾದಿಸಿದನು. ಇಲ್ಲಿ ಅರಿಸ್ಟಾಟಲನ ಇನ್ನೊಂದು ಮಾತು ದಾರಿ ತೋರುವುದು. ನೀತಿಶಾಸ್ತ್ರವನ್ನು ಕುರಿತ ಗ್ರಂಥದ ಮೊದಲ ಭಾಗದಲ್ಲಿ ಅವನು, ಬಡಗಿಯೂ ರೇಖಾಗಣಿತಜ್ಞನೂ ಇಬ್ಬರೂ ಸಮಕೋನವನ್ನೇ ಅರಸುವರಾದರೂ ಬಗೆ ಬೇರೆ, ಬಡಗಿಗೆ ಅದು ತನ್ನ ಕೆಲಸಕ್ಕೆ ಬೇಕಾದಷ್ಟು ಸರಿಯಾಗಿದ್ದರೆ ಸಾಕು ಎಂದಿದ್ದಾನೆ. ‘ಕೆಲಸಕ್ಕೆ ಬೇಕಾದಷ್ಟು’ ಎಂಬುದೇ ಇಲ್ಲಿ ಎಲ್ಲೆ. ಹತ್ತರಿಯ ಒಂದು ಸಣ್ಣ ಗುರುತು ಉಳಿದರೆ ಕದವು ಕದವಾಗಿಯೇ ಇರುವುದು, ಕೈಯಿಂದ ಮಾಡಿದ್ದೆಂಬುದಕ್ಕೆ ಅದು ಸಾಕ್ಷಿಯೂ ಆಗುವುದು. ಕೂಡಿಕೆ ಸಡಿಲವಾದರೆ ಕದವು ಕದವಾಗಿ ಉಳಿಯುವುದಿಲ್ಲ. ಹೀಗೆ ಒಂದು ದೋಷವನ್ನು ಬಿಡುವುದಕ್ಕೂ ಇನ್ನೊಂದನ್ನು ತಿದ್ದುವುದಕ್ಕೂ ಕಾರಣವನ್ನು ದೋಷದ ಗಾತ್ರದಲ್ಲಿ ಹುಡುಕಬಾರದು. ಬಳಸುವವನ ಬಾಳಿನಲ್ಲಿ ಹುಡುಕಬೇಕು.

ಎರಡನೆಯ ಆಕ್ಷೇಪವು ಹೊಟ್ಟೆಗೆ ಸಂಬಂಧಿಸಿದುದು. ತಿದ್ದುವ ದಿನದ ಕೂಲಿ ಯಾರದು? ದಿನಗೂಲಿಯಾದರೆ ಯಜಮಾನನದು, ಗುತ್ತಿಗೆಯಾದರೆ ಬಡಗಿಯದು ಎಂದು ವ್ಯವಹಾರವು ಹೇಳುವುದು. ಆದರೆ ಯಜಮಾನನು ಗುತ್ತಿಗೆಯ ಹಣವನ್ನು ಹಿಂಡಿ ಹಿಂಡಿ ಇಳಿಸಿದ್ದರೆ, ಅಥವಾ ಹಸಿಮರವನ್ನು ತಂದುಕೊಟ್ಟು ‘ಇದರಲ್ಲಿಯೇ ಮಾಡಿ ಆಚಾರ್ರೇ, ಮುಹೂರ್ತ ಹತ್ತಿರವಾಯಿತು’ ಎಂದಿದ್ದರೆ, ಆ ಕೊರತೆಗೂ ಬಡಗಿಯೇ ಹೊಣೆಯೆ? ನ್ಯಾಯವಾಗಿ ನೋಡಿದರೆ ಚೌಕಾಸಿಯಿಂದ ಕೆತ್ತನೆಯನ್ನು ಕಡಮೆಮಾಡಬಹುದು, ಮೆರುಗನ್ನು ಕಡಮೆಮಾಡಬಹುದು, ತೇಗದ ಬದಲು ಅಗ್ಗದ ಮರವನ್ನು ಹಾಕಬಹುದು; ಕೂಡಿಕೆಯ ಬಿಗಿಯನ್ನು ಕಡಮೆಮಾಡುವಂತಿಲ್ಲ. ಆ ಬೆಲೆಗೆ ಬಿಗಿಯಾದ ಬಾಗಿಲು ಆಗದೆಂದಾದರೆ ಅದನ್ನು ಹೇಳುವ ಕಾಲ ಮೊದಲ ಕೊಯ್ತಕ್ಕೆ ಮುಂಚೆಯೇ. ಹಸಿಮರದ ಮಾತೂ ಹಾಗೆಯೇ. ಆಗ ಸುಮ್ಮನಿದ್ದು ಈಗ ಬೆಲೆಯ ಕಡೆಗೋ ಮರದ ಕಡೆಗೋ ಬೆರಳು ತೋರಿಸುವುದು ತರವಲ್ಲ.

ಯಜಮಾನನಿಗೂ ಧರ್ಮವುಂಟು. ಕೆಲವರು ಮುಗಿದ ಕೆಲಸವನ್ನು ನೋಡುವುದು ತಿದ್ದಿಸುವುದಕ್ಕಲ್ಲ, ಹಣವನ್ನು ಮುರಿದುಕೊಳ್ಳುವುದಕ್ಕೆ. ದೋಷ ಸಿಕ್ಕಿದರೆ ಅವರಿಗೆ ಸಂತೋಷ, ಸಿಕ್ಕದಿದ್ದರೆ ಬೇಸರ. ಅಂಥವನ ಎದುರಿಗೆ ತಪ್ಪನ್ನು ಹೇಳಿಕೊಂಡ ಬಡಗಿಯು ಎರಡನೆಯ ಸಲ ಹೇಳುವುದಿಲ್ಲ. ಸತ್ಯವನ್ನು ಹೇಳಿದವನಿಗೆ ದಂಡ, ಮುಚ್ಚಿದವನಿಗೆ ಪೂರ್ತಿ ಹಣ ಎಂಬ ಪದ್ಧತಿಯನ್ನು ಏರ್ಪಡಿಸಿಕೊಂಡ ಯಜಮಾನನು ತನ್ನ ಮನೆಗೆ ಸುಳ್ಳುಬಾಗಿಲನ್ನು ತಾನೇ ಹಾಕಿಸಿಕೊಂಡಂತೆ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಮೊದಲ ಅಧ್ಯಾಯವು ಕಾಲವನ್ನು ಮೀರಿದ ಮತ್ತು ಹೇಳಿದಂತೆ ಮಾಡದ ಕುಶಲಕರ್ಮಿಗಳಿಗೆ ಕೂಲಿಯ ಕಡಿತವನ್ನೂ ದಂಡವನ್ನೂ ವಿಧಿಸುತ್ತದೆ. ರಾಜ್ಯವನ್ನಾಳುವವರಿಗೆ ಅಂಥ ನಿಯಮ ಬೇಕಾಗಬಹುದು. ದೊಡ್ಡ ಕಟ್ಟಡಗಳ ಕರಾರುಗಳಲ್ಲಿ ಇದಕ್ಕಿಂತ ವಿವೇಕದ ಒಂದು ಪದ್ಧತಿ ಬಳಕೆಯಲ್ಲಿದೆ. ಎಂಜಿನಿಯರರು ಕೆಲಸವನ್ನು ನೋಡಿ ಕೊರತೆಗಳ ಪಟ್ಟಿಯನ್ನು ಮಾಡುವರು. ಗುತ್ತಿಗೆದಾರನು ಅವನ್ನು ತಿದ್ದುವನು. ಹಣದ ಒಂದು ಪಾಲನ್ನು ಗೊತ್ತಾದ ಕಾಲದವರೆಗೆ ತಡೆದಿಟ್ಟು, ಅಷ್ಟರಲ್ಲಿ ಕಾಣಿಸಿಕೊಂಡ ದೋಷಗಳನ್ನು ಸರಿಪಡಿಸಿದ ಬಳಿಕ ಸಲ್ಲಿಸುವರು. ಮರವು ತನ್ನ ಮನಸ್ಸನ್ನು ಹೇಳುವುದಕ್ಕೆ ಇದರಿಂದ ಅವಕಾಶ ದೊರೆಯುವುದು. ಆದರೂ ಕರಾರಿನ ಅವಧಿಗೆ ಒಂದು ಕೊನೆಯುಂಟು. ಕೆಲವು ದೋಷಗಳು ಆ ಕೊನೆ ಕಳೆಯುವವರೆಗೂ ತಾಳ್ಮೆಯಿಂದ ಕಾದಿರುವುವು. ಕಾನೂನು ಮುಗಿದಲ್ಲಿಂದ ಮುಂದಕ್ಕೆ ಕಾವಲಿರುವುದು ಮಾಡಿದವನ ಮನಸ್ಸೊಂದೇ.

ಮಾಡಿದವನ ತಪ್ಪು ಒಪ್ಪಿಸುವ ಗಳಿಗೆಯಲ್ಲಿ ಬೆಳಕಿಗೆ ಬಂದ ಒಂದು ಐತಿಹ್ಯವನ್ನು ಕರ್ಣಾಟಕವು ತಲೆತಲಾಂತರದಿಂದ ಹೇಳಿಕೊಂಡು ಬಂದಿದೆ. ಬೇಲೂರಿನಲ್ಲಿ ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳಿದನು. ಇದ್ದರೆ ತನ್ನ ಬಲಗೈಯನ್ನು ಕಡಿದುಕೊಳ್ಳುವೆನೆಂದು ಜಕಣಾಚಾರಿಯು ಪ್ರತಿಜ್ಞೆಮಾಡಿದನು. ಮೈಗೆಲ್ಲ ಗಂಧವನ್ನು ಬಳಿದಾಗ ಅದು ಎಲ್ಲೆಡೆಯೂ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯನ್ನಿಟ್ಟಾಗ ನೀರೂ ಕಪ್ಪೆಯೂ ಹೊರಬಂದುವು. ಶಿಲ್ಪಿಯು ಕೈಯನ್ನು ಕಡಿದುಕೊಂಡನು. ಆ ತರುಣನು ಅವನ ಮಗನೇ ಆದ ಡಂಕಣನೆಂದು ತಿಳಿಯಿತು. ಬೇಲೂರಿನ ದೇವಾಲಯವು ೧೧೧೭ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾದುದು ಚರಿತ್ರೆ. ಈ ಕಥೆಯನ್ನು ಚರಿತ್ರೆಯೆಂದು ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಜನರ ಮನಸ್ಸು ಇದನ್ನು ಕಾಪಾಡಿಕೊಂಡು ಬಂದಿರುವುದಕ್ಕೆ ಕಾರಣವುಂಟು.

ಕಥೆಯನ್ನು ಕೇಳಿದವರೆಲ್ಲ ಶಿಲ್ಪಿಯ ಸತ್ಯಸಂಧತೆಯನ್ನು ಮೆಚ್ಚುವರು. ಅದು ಮೆಚ್ಚತಕ್ಕುದೇ. ಆದರೆ ಸ್ವಲ್ಪ ನಿಂತು ಯೋಚಿಸಬೇಕು. ಗಂಧವನ್ನು ಬಳಿದು ನೋಡುವ ಪರೀಕ್ಷೆಯು ತಂದೆಗೂ ತಿಳಿಯದುದಲ್ಲ. ಅಷ್ಟು ದೊಡ್ಡ ಶಿಲ್ಪಿಯು ಒಪ್ಪಿಸುವ ಮುನ್ನ ಅದನ್ನು ಏಕೆ ಮಾಡಲಿಲ್ಲ? ತನ್ನ ಕೈ ತಪ್ಪದೆಂಬ ನಂಬಿಕೆಯೇ ಅವನ ಕಣ್ಣಿ‌ಗೆ ಮರೆಯಾಗಿದ್ದಿರಬೇಕು. ತಪ್ಪು ತಿಳಿದ ಮೇಲೆ ಅವನು ಮಾಡಿದುದೇನು? ತಿದ್ದಬಲ್ಲ ಒಂದೇ ಕೈಯನ್ನು ಕಡಿದುಹಾಕಿದುದು. ಕಪ್ಪೆಯಿದ್ದ ಶಿಲೆಯು ಅದರಿಂದ ಸರಿಯಾಗಲಿಲ್ಲ. ತಪ್ಪನ್ನು ಕಂಡಾಗ ತನ್ನನ್ನೇ ದಂಡಿಸಿಕೊಳ್ಳುವುದು ಮಹತ್ತಾಗಿ ಕಾಣುವುದು. ಆದರೆ ಆಗಲೂ ಅವನ ಕಣ್ಣು ಕೆಲಸದ ಮೇಲಿಲ್ಲ, ತನ್ನ ಮೇಲಿದೆ. ತಿದ್ದುವವನಿಗೆ ಅಷ್ಟು ಬಿಡುವಿಲ್ಲ. ಅವನು ಕೈಯನ್ನು ಉಳಿಸಿಕೊಂಡು ಉಳಿಯನ್ನು ಮತ್ತೆ ಎತ್ತಿಕೊಳ್ಳಬೇಕು. ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದ ಬಳಿಕ ಶಿಲ್ಪಿಗೆ ಕೈ ಮರಳಿ ಬಂದಿತೆಂದೂ ಅದರಿಂದ ಆ ಊರು ಕೈದಾಳವಾಯಿತೆಂದೂ ಕಥೆಯ ಕೊನೆ ಹೇಳುತ್ತದೆ. ಕೈಯನ್ನು ಹಿಂದಕ್ಕೆ ಕೊಡದೆ ಕಥೆಯನ್ನು ಮುಗಿಸಲು ಜನರ ಮನಸ್ಸೂ ಒಪ್ಪಲಿಲ್ಲ.

ಇನ್ನು ಗೃಹಪ್ರವೇಶದ ಹಿಂದಿನ ಸಂಜೆಗೆ ಹಿಂದಿರುಗಬಹುದು. ಬಡಗಿಯ ಎದುರಿಗೆ ಮೂರು ದಾರಿಗಳಿವೆ. ಸುಮ್ಮನಿರುವುದು ಒಂದು. ರಾತ್ರಿಯೆಲ್ಲ ದೀಪವಿಟ್ಟುಕೊಂಡು ಕದವನ್ನು ಬಿಚ್ಚಿ, ತುಂಬಿದ ಹೊಟ್ಟನ್ನು ಕೆರೆದು ತೆಗೆದು, ತೆಳುವಾದ ನಾಲಗೆಗೆ ಮರದ ಪಟ್ಟಿಯನ್ನು ಅಂಟಿಸಿ ಮತ್ತೆ ಕೂಡಿಸುವುದು ಎರಡು. ಆದರೆ ಸರೇಸು ಹಿಡಿಯುವುದಕ್ಕೆ ಹೊತ್ತು ಬೇಕು. ಅವಸರದಲ್ಲಿ ತಿದ್ದಿದುದು ಎರಡನೆಯ ತಪ್ಪಾಗುವುದು. ಮೂರನೆಯದು ಜಗಲಿಯಲ್ಲಿ ಕುಳಿತ ಯಜಮಾನನ ಬಳಿಗೆ ಹೋಗಿ, ‘ಯಜಮಾನರೆ, ತಲೆಬಾಗಿಲಿನ ಕೆಳಗಣ ಕೂಡಿಕೆ ಬಿಗಿಯಾಗಿಲ್ಲ. ನಾಳೆಯ ಕಾರ್ಯ ನಡೆಯಲಿ. ನಾಳಿದ್ದು ಕದವನ್ನು ಬಿಚ್ಚಿ ಸರಿಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಬಾಕಿ ಹಣ ತಮ್ಮಲ್ಲಿಯೇ ಇರಲಿ’ ಎಂದು ಹೇಳುವುದು.

ಹೀಗೆ ಹೇಳಿದವನಿಗೆ ಲೋಕವು ಕೂಡಲೇ ಮನ್ನಣೆಯನ್ನು ಕೊಡುವುದೆಂದು ಭರವಸೆಯಿಲ್ಲ. ಯಜಮಾನನು ಸಿಡುಕಬಹುದು. ‘ಅವನ ಕೂಡಿಕೆ ಸಡಿಲವಂತೆ’ ಎಂಬ ಮಾತು ಊರಿನಲ್ಲಿ ಹಬ್ಬಿ ಮುಂದಿನ ಎರಡು ಮನೆಗಳ ಕೆಲಸವು ತಪ್ಪಿಹೋಗಬಹುದು. ಎರಡು ದಿನಗಳ ಕೂಲಿಯಂತೂ ಖಂಡಿತವಾಗಿ ಹೋಯಿತು. ಸತ್ಯಕ್ಕೆ ಲಾಭವೇ ಫಲವೆಂದು ಬೋಧಿಸುವವರು ಬಡಗಿಯ ಮನೆಯ ಒಲೆಯನ್ನು ನೋಡಿಲ್ಲ. ಆದರೂ ಆ ಸಂಜೆ ಅಲ್ಲಿ ಯಜಮಾನನಲ್ಲದೆ ಇನ್ನೊಬ್ಬನು ಇದ್ದನೆಂಬುದನ್ನು ಮರೆಯತಕ್ಕುದಲ್ಲ. ಅವನು ಆ ಹುಡುಗ. ಗರಗಸವನ್ನು ಗೆರೆಯ ಮೇಲೆ ನಡೆಸುವುದನ್ನು ಅವನು ಇನ್ನು ಎರಡು ವರ್ಷಗಳಲ್ಲಿ ಹೇಗೂ ಕಲಿಯುವನು. ಗೆರೆ ತಪ್ಪಿದಾಗ ಏನು ಮಾಡಬೇಕೆಂಬುದನ್ನು ಅವನು ಕಲಿಯುವುದು, ತಂದೆಯು ಜಗಲಿಯ ಕಡೆಗೆ ಹೆಜ್ಜೆಯಿಟ್ಟನೋ ಚೀಲದ ಕಡೆಗೆ ಕೈಚಾಚಿದನೋ ಎಂಬುದನ್ನು ನೋಡಿ. ತಂದೆಯು ಆ ಸಂಜೆ ಬಾಗಿಲನ್ನು ಯಜಮಾನನಿಗೂ ತನ್ನ ಕಸುಬನ್ನು ಮಗನಿಗೂ ಒಪ್ಪಿಸುತ್ತಿದ್ದನು.

ನೇಗಿಲನ್ನು ಮಾಡುವವನಿಗೂ ನೀತಿಯನ್ನು ಬರೆಯುವವನಿಗೂ, ಕರಡಚ್ಚನ್ನು ತಿದ್ದುವವನಿಗೂ ತೀರ್ಪನ್ನು ಹೇಳುವವನಿಗೂ ಇಂಥ ಒಂದು ಗಳಿಗೆ ಬಂದೇ ಬರುವುದು. ಕೆಲಸವು ಮುಗಿದಂತೆ ಕಾಣುವುದು, ಪಡೆಯುವವರು ಹೊರಗೆ ಕಾದಿರುವರು, ಕೈ ದಣಿದಿರುವುದು. ಆಗ ಬೆರಳನ್ನು ಮಡಿಸಿ ಸಂದಿನ ಮೇಲೆ ಒಮ್ಮೆ ತಟ್ಟಿ, ಸದ್ದು ಹೇಗಿದೆಯೆಂದು ಕೇಳಬೇಕು.